ಹುಂಜದ ಬಾಗಿಲಿಗೆ ಬೆಕ್ಕಿನ ಬೋಣಿ

ಆ ಚಳಿಗಾಲದಲ್ಲಿ ನನ್ನ ಶೆಡ್ಡಿನ ಕಡ್ಡಿ ಮುಗಿಯುತ್ತ ಬಂದಿತ್ತು. ಆಳೆತ್ತರಕ್ಕೆ ಒಟ್ಟಿದ್ದ ಕಟ್ಟುಗಳು ಸೊಂಟದ ಮಟ್ಟಕ್ಕೆ ಇಳಿದವು, ಆಮೇಲೆ ಮೊಣಕಾಲ ಮಟ್ಟಕ್ಕೆ. ಬೆಳಿಗ್ಗೆ ಬಾಗಿಲು ತೆಗೆದರೆ ಬಿದಿರಿನ ಒಣ ವಾಸನೆ ಬರುತ್ತಿದ್ದ ಜಾಗದಲ್ಲಿ ಸಿಮೆಂಟಿನ ವಾಸನೆ ಬರತೊಡಗಿತ್ತು. ಕೆಲಸವಿಲ್ಲದಿದ್ದರೂ ಮತ್ತೆ ಮತ್ತೆ ಹೋಗಿ ನೋಡಿ ಬರುತ್ತಿದ್ದೆ, ನೋಡಿದರೆ ಹೆಚ್ಚಾಗುವುದೇನೋ ಎಂಬಂತೆ.

ಲಕ್ಷ್ಮೇಶ್ವರದ ಬಜಾರದಲ್ಲಿ ಅಪ್ಪನ ಕಿರಾಣಿ ಅಂಗಡಿ ಇದೆ. ಅದರ ಹಿಂದೆ ತಗಡಿನ ಶೆಡ್ಡು. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬಂದ ಮೇಲೆ ಆ ಶೆಡ್ಡನ್ನು ನಾನು ಕೇಳಿ ಪಡೆದಿದ್ದೆ; ಕೀಲಿ ಮಾತ್ರ ಅಪ್ಪನ ಉಡಿದಾರದಲ್ಲೇ ಇತ್ತು, ದಿನವೂ ಇಸಿದುಕೊಂಡು ತೆಗೆಯಬೇಕಿತ್ತು. ಕೆಲಸ ದೊಡ್ಡದಲ್ಲ. ಊದಿನಕಡ್ಡಿಗೆ ಬೇಕಾದ ಬಿದಿರು ಕಡ್ಡಿ ತರಿಸುವುದು; ಇದ್ದಿಲು ಪುಡಿ, ಅಂಟು ಪುಡಿಯ ಜೊತೆ ಅದನ್ನು ಶಿರಹಟ್ಟಿ, ಮುಂಡರಗಿಯ ಕೆಲವು ಮನೆಗಳಿಗೆ ಕೊಡುವುದು; ಅಲ್ಲಿನ ಹೆಂಗಸರು ಮಷಿನ್ನಿನಲ್ಲಿ ಹಿಟ್ಟು ಮೆತ್ತಿಸಿ ಒಣಗಿಸಿದ ಕಪ್ಪು ಬತ್ತಿಗಳನ್ನು ಬೆಟಗೇರಿಯ ಒಬ್ಬ ವ್ಯಾಪಾರಿಗೆ ಮುಟ್ಟಿಸುವುದು. ಸೆಂಟಿನಲ್ಲಿ ಅದ್ದಿ, ಡಬ್ಬಿಗೆ ತುಂಬಿ, ಹೆಸರು ಅಂಟಿಸುವುದು ಅವರ ಪಾಲಿನದು. ನನ್ನ ಪಾಲಿನ ಕೆಲಸಕ್ಕೆ ಹೆಸರೂ ಇಲ್ಲ, ಪರಿಮಳವೂ ಇಲ್ಲ. ಅದು ನನಗೆ ಹಿಡಿಸಿತ್ತು.

ಆ ಮಷಿನ್ನುಗಳು ಕೈಯಿಂದ ಸೀಳಿದ ಕಡ್ಡಿಯನ್ನು ಒಪ್ಪುವುದಿಲ್ಲ. ಒಂದು ದಪ್ಪ, ಒಂದು ತೆಳು, ಇನ್ನೊಂದರ ಬದಿಯಲ್ಲಿ ಸಿಬಿರು. ಒಂದೇ ಒಂದು ಕಡ್ಡಿ ಮಷಿನ್ನಿನ ಬಾಯಲ್ಲಿ ಸಿಕ್ಕಿಕೊಂಡರೂ ಎಲ್ಲ ಬಿಚ್ಚಿ, ತೊಳೆದು, ಮತ್ತೆ ಕೂಡಿಸಬೇಕು. ವಿಯೆಟ್ನಾಮಿನಿಂದ ಬರುವ ಕಡ್ಡಿ ಗುಂಡಗೆ, ನೇರ, ಒಂದರಂತೆ ಮತ್ತೊಂದು. ಹೀಗಾಗಿ ನಮ್ಮ ಕಡೆಯ ಆ ಮನೆಗಳ ಮಷಿನ್ನು ತಿರುಗುವುದು, ನಿಲ್ಲುವುದು ಹನೋಯ್ ಪಕ್ಕದ ಒಂದು ಹಳ್ಳಿಯ ಮರ್ಜಿಗೆ ಬಿಟ್ಟಿತ್ತು. ಆ ಹಳ್ಳಿಯಲ್ಲಿ ನನಗೆ ಗೊತ್ತಿದ್ದದ್ದು ಒಬ್ಬರೇ ಹೆಂಗಸು.

ಆಕೆ ಕಡ್ಡಿ ಕಾರಖಾನೆಯ ಒಡತಿ. ಕಾರಖಾನೆ ಎಂದರೆ ಮನೆಯ ಹಿಂದಿನ ಉದ್ದನೆಯ ಮಾಡು, ಫೋಟೋದಲ್ಲಿ ನೋಡಿದ್ದೆ. ಆಕೆ ತನ್ನ ಭಾಷೆಯಲ್ಲಿ ಹೇಳಿದ್ದನ್ನು ಫೋನಿನ ಆ್ಯಪು ಇಂಗ್ಲಿಷಿಗೆ ತಿರುಗಿಸುತ್ತಿತ್ತು. ನಾನು ಇಂಗ್ಲಿಷಿನಲ್ಲಿ ಬರೆದದ್ದು ಆಕೆಗೆ ಆಕೆಯ ಭಾಷೆಯಲ್ಲಿ ಕಾಣುತ್ತಿತ್ತು. ಮೊದಲ ಸಲ ಮಾತಾಡಿದಾಗ ಕಡ್ಡಿಯ ದಪ್ಪ, ಉದ್ದ, ತೇವ ಎಲ್ಲವನ್ನೂ ನಾನು ವಿವರವಾಗಿ ಬರೆದಿದ್ದೆ. ಆಕೆ ಕೇಳಿದ ಮೊದಲ ಪ್ರಶ್ನೆ, ನೀನು ಹುಟ್ಟಿದ ವರ್ಷ ಯಾವುದು ಎಂದು. ಎರಡನೆಯದು, ಮದುವೆ ಆಗಿದೆಯೇ ಎಂದು.

ನಾನು ಫೋನು ಕೆಳಗಿಟ್ಟೆ. ವರ್ಷಗಟ್ಟಲೆ ವ್ಯವಹಾರ ಮಾಡಿದ ಬೆಟಗೇರಿಯ ವ್ಯಾಪಾರಿಗೂ ನಾನು ಇಂಥದ್ದು ಹೇಳಿದವಳಲ್ಲ. ಸಂಜೆಗೆ ವರ್ಷವನ್ನಷ್ಟೇ ಬರೆದು ಕಳಿಸಿದೆ. ಕೂಡಲೇ ಉತ್ತರ ಬಂತು: ಹಾಗಾದರೆ ನೀನು ತಂಗಿ, ನಾನು ಅಕ್ಕ, ನೀನು ಬೆಕ್ಕಿನ ವರ್ಷದವಳು, ನಾನು ಹುಂಜದ ವರ್ಷದವಳು. ಅವರಲ್ಲಿ ಒಂದೊಂದು ವರ್ಷಕ್ಕೂ ಒಂದೊಂದು ಪ್ರಾಣಿಯ ಹೆಸರಂತೆ, ವಯಸ್ಸು ತಿಳಿಯದೆ ಮಾತೇ ಮುಂದೆ ಹೋಗುವುದಿಲ್ಲವಂತೆ. ಅಪ್ಪನಿಗೆ ಇದನ್ನು ಹೇಳಿದಾಗ, "ಮತ್ತೇನ? ನಮ್ಮ ಸಂತಿಯಾಗ ಸೌತಿಕಾಯಿ ಮಾರಾಕಿನೂ ಯಕ್ಕಾ ಅನ್ನೂದೋ ತಂಗೀ ಅನ್ನೂದೋ ನೋಡೇ ಬಾಯಿ ತಗೀತಾಳ" ಎಂದ. ಅಂದಿನಿಂದ ಆಕೆ ನಮ್ಮ ಮನೆಯಲ್ಲಿ 'ನಿಮ್ಮ ಅಕ್ಕಾರು' ಆದಳು.

ಅಪ್ಪ ಕೆಟ್ಟವನಲ್ಲ, ಲೆಕ್ಕದವನು. ಕಟ್ಟುಗಳು ಮೊಣಕಾಲಿಗೆ ಇಳಿದಾಗ ಒಂದು ದಿನ ಶೆಡ್ಡಿನ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದ.

"ಮುಳಗುಂದದ ಸಾವಕಾರ ಕೇಳಾಕ ಹತ್ಯಾನ," ಎಂದ. "ಕಡ್ಲಿ ಸುಗ್ಗಿ ಬಂತು. ಚೀಲ ಇಡಾಕ ಜಾಗ ಬೇಕಂತ."

"ನನ್ನ ಮಾಲು ಬರ್ತೈತಿ."

"ಬರ್ಲಿ. ಯುಗಾದಿ ತನಕಾ ನೋಡೂಣು. ಯುಗಾದಿ ದಿನಾ ಈ ಶೆಡ್ ಖಾಲಿ ಇದ್ರ ಅವಂಗ ಕೊಡೂದ ಖರೆ. ಕಡ್ಡಿ ಇಲ್ಲಂದ್ರ ಕಡ್ಲಿ."

ತಾನೇ ಹೇಳಿದ ಮಾತಿಗೆ ತಾನೇ ನಕ್ಕ. ನಾನು ನಗಲಿಲ್ಲ. ಕಡ್ಲಿ ಒಮ್ಮೆ ಒಳಗೆ ಬಂದರೆ ರೇಟು ಏರುವವರೆಗೂ ಹೊರಗೆ ಹೋಗುವುದಿಲ್ಲ. ಹುಳಕ್ಕೆಂದು ಗುಳಿಗೆ ಇಡುತ್ತಾರೆ, ಬಾಗಿಲು ಮುಚ್ಚಿ ಮೆತ್ತುತ್ತಾರೆ. ಆಮೇಲೆ ನನಗೆ ಬೇರೆ ಶೆಡ್ಡಿಲ್ಲ. ಶೆಡ್ಡಿಲ್ಲದಿದ್ದರೆ ಕೆಲಸವೂ ಇಲ್ಲ; ಮನೆಯಲ್ಲಿ ಕೂತ ಓದಿದ ಹುಡುಗಿ, ಅಷ್ಟೆ. ಅದರ ಮುಂದಿನ ಮಾತುಗಳು ನನಗೆ ಗೊತ್ತಿದ್ದವು.

ಹಾಗೆ ನೋಡಿದರೆ ಮಾಲು ತಡವಾದದ್ದೇ ಅಪ್ಪನಿಂದ. ಎಳ್ಳಮಾವಾಸ್ಯೆಯ ದಿನ ನಾವು ಎಲ್ಲರಂತೆ ಹೊಲಕ್ಕೆ ಚರಗ ಚೆಲ್ಲಲು, ಭೂಮಿತಾಯಿಗೆ ಎಡೆ ಎರಚಲು ಹೋಗಿದ್ದೆವು. ಜೋಳದ ನಡುವೆ ಕಂಬಳಿ ಹಾಸಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತಿರುವಾಗ ಅಕ್ಕನ ಸಂದೇಶ ಬಂತು. ಬಂದರಿಗೆ ಹೋಗುವ ಲಾರಿ ಗೊತ್ತಾಗಿದೆ, ಇವತ್ತು ಸಂಜೆಯೊಳಗೆ ಮುಂಗಡ ಕಳಿಸು, ಹೊಸ ವರ್ಷದ ಮೊದಲು ಹೋಗುವ ಕೊನೆಯ ಮಾಲು ಇದು, ಆಮೇಲೆ ಕೆಲಸದವರೆಲ್ಲ ಊರಿಗೆ ಹೋಗುತ್ತಾರೆ. ಬ್ಯಾಂಕಿನ ಖಾತೆ ಅಂಗಡಿಯ ಹೆಸರಿನಲ್ಲಿತ್ತು, ಅಪ್ಪನ ಫೋನಿಲ್ಲದೆ ಏನೂ ಆಗುತ್ತಿರಲಿಲ್ಲ.

"ಅಮಾಸಿ ದಿನಾ ಮುಂಗಡ?" ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. "ಹುಚ್ಚಿ ಏನ ನೀ? ನಾಳಿ ಮುಂಜಾನೆ ಮೊದಲನೇ ಕೆಲಸ ಅದ ಮಾಡೂಣು. ಒಂದ ದಿನದಾಗ ಸಮುದ್ರ ಬತ್ತಿ ಹೋಗೂದಿಲ್ಲ."

ಮರುದಿನ ಬೆಳಿಗ್ಗೆ ಹೇಳಿದಂತೆಯೇ ಮೊದಲನೇ ಕೆಲಸ ಅದನ್ನೇ ಮಾಡಲು ಕುಳಿತೆವು. ಕಳಿಸುವ ಮುನ್ನ ಅಕ್ಕನಿಗೆ ಒಂದು ಮಾತು ತಿಳಿಸಿದೆ. ಉತ್ತರ ಬಂತು: ತಂಗಿ, ಲಾರಿಯಲ್ಲಿ ನಿನ್ನ ಜಾಗಕ್ಕೆ ಬೇರೆಯವರ ಮಾಲು ಹಾಕಿದೆ, ಇನ್ನು ಹೊಸ ವರ್ಷವಾದ ಮೇಲೆ. ಅವರ ಹೊಸ ವರ್ಷ ಬರುವುದು ಸರಿಯಾಗಿ ಮುಂದಿನ ಅಮಾವಾಸ್ಯೆಗೆ ಎಂದು ನನಗೆ ಆಗ ತಿಳಿಯಿತು. ಅಪ್ಪನಿಗೆ ಅದನ್ನು ಹೇಳಿದರೆ, "ನೋಡಿದ್ಯಾ, ಅವರೂ ಅಮಾಸಿ ಹಿಡೀತಾರ" ಎಂದು ಸಂತೋಷಪಟ್ಟ.

ಆಮೇಲಿನ ದಿನಗಳಲ್ಲಿ ನನಗೆ ಒಂದು ಕಡೆ ಕೂರಲು ಆಗಲಿಲ್ಲ. ಸ್ಕೂಟರ್ ತೆಗೆದುಕೊಂಡು ಶಿರಹಟ್ಟಿಗೆ ಹೋಗುತ್ತಿದ್ದೆ. ಅಲ್ಲಿ ನನ್ನ ಕೆಲಸದ ದೊಡ್ಡ ಆಸರೆ ಎಂದರೆ ಆಪಾ. ಗಂಡ ಸೈಕಲ್ ಅಂಗಡಿ ಇಟ್ಟಿದ್ದವನು. ಅವನು ಹೋದ ಮೇಲೆ ಆ ಅಂಗಡಿಯ ಜಾಗದಲ್ಲೇ ಮಷಿನ್ನು ಹಾಕಿಕೊಂಡಿದ್ದಳು. ಓಣಿಯ ಇನ್ನಿಬ್ಬರನ್ನು ಜೊತೆಗೆ ಕೂರಿಸಿಕೊಂಡು, ಇಡೀ ದಿನ ಮಾತಾಡುತ್ತಲೇ ಮಷಿನ್ನು ತುಳಿಯುತ್ತಿದ್ದಳು. ಈಗ ಮಷಿನ್ನಿನ ಮೇಲೆ ಹಳೆಯ ಚಾದರ ಹೊದಿಸಿತ್ತು.

"ಬಾ ತಂಗೀ ಬಾ," ಎನ್ನುತ್ತಿದ್ದಳು. "ಕಡ್ಡಿ ತಂದಿ ಅನಕೊಂಡ್ನಿ, ಮಾರಿ ತಂದಿ. ನಿನ್ನ ವಿಯೆಟ್ನಾಮಿನಾಕಿ ಅದಾಳೋ, ಆಕಿನೂ ಊರಿಗಿ ಹೋಗ್ಯಾಳೋ?"

"ಹಬ್ಬ ಐತ್ರಿ ಆಪಾ ಅವರದು."

"ಎಷ್ಟ ದಿನದ ಹಬ್ಬಾಲೇ ಅದು! ನಮ್ಮ ರಂಜಾನ್ ಒಂದ ತಿಂಗಳು, ಅದರಾಗೂ ನಾವು ಕೆಲಸ ಬಿಡೂದಿಲ್ಲ. ಕೇಳ್ ಇಲ್ಲೆ, ಮೆಣಸಿನಕಾಯಿ ತೊಟ್ಟು ಬಿಡಸಾಕ ಕರೀಲಿಕ್ಕೆ ಬಂದಿದ್ರು. ಅವರಿಬ್ಬರೂ ಹೊಂಟಾರ. ನಾನೂ ಹೋದ್ರ ಹೊಳ್ಳಿ ಈ ಮಷಿನ್ ಮುಂದ ಕುಂಡ್ರೂದು ಆಗೂದಿಲ್ಲ, ಹೇಳಿರ್ತೀನಿ."

ಚಹಾ ಕುಡಿದು ಎದ್ದೆ.

ಮುಂಡರಗಿಗೆ ಹೋದ ದಿನವೂ ಹೀಗೇ ಆಯಿತು. ಅಲ್ಲಿ ಉಳಿದಿದ್ದ ಒಣ ಬತ್ತಿಗಳನ್ನು ಕಟ್ಟಿಸಿಕೊಂಡು, ಡೋಣಿ ಊರಿನ ಮೇಲೆ ಹಾಯ್ದು ಗದಗಿಗೆ ಹೋಗುವ ಬಸ್ಸು ಹತ್ತಿದೆ. ಕಿಟಕಿಯ ಆಚೆ ಕಪ್ಪತಗುಡ್ಡದ ಮೇಲಿನ ಗಾಳಿ ಕರೆಂಟಿನ ಫ್ಯಾನುಗಳು ಒಂದೂ ತಿರುಗುತ್ತಿರಲಿಲ್ಲ. ತೊಡೆಯ ಮೇಲೆ ಚೀಲ, ಕೈಯಲ್ಲಿ ಫೋನು. ಸುಮ್ಮನೆ ಇರಲಾಗದೆ ಬೇರೆ ಕಾರಖಾನೆಗಳನ್ನು ಹುಡುಕಿ ದರ ಕೇಳಿ ಬರೆಯುತ್ತಿದ್ದೆ. ಒಬ್ಬನಿಂದ ಉತ್ತರ ಬಂತು, ಅಕ್ಕನದಕ್ಕಿಂತ ಕಡಿಮೆ ದರ. ಆದರೆ ಆ ಕಡ್ಡಿ ಒಂದಿಷ್ಟು ತೆಳು. ನಮ್ಮ ಮಷಿನ್ನಿನಲ್ಲಿ ನಿಲ್ಲುವುದಿಲ್ಲ. ತೆಗೆದುಕೊಳ್ಳಲು ಬಾರದು, ಅಕ್ಕನಿಗೆ ತೋರಿಸಲು ಬರುತ್ತದೆ ಎಂದುಕೊಂಡೆ. ರಜೆ ಮುಗಿದ ಮೊದಲ ದಿನ ಮಾರುವವರ ಕೈಯಲ್ಲಿ ಆರ್ಡರು ಇರುವುದಿಲ್ಲ, ದರ ಇಳಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಧಾರವಾಡದಲ್ಲಿ ನಾನು ಕಲಿತದ್ದು ಹೀಗೆ ಯೋಚಿಸುವುದನ್ನೇ. ಬಸ್ಸಿನಲ್ಲಿ ಕುಳಿತೇ ಸಂದೇಶ ಬರೆದಿಟ್ಟೆ. ತಿದ್ದಿದೆ. ಮತ್ತೆ ತಿದ್ದಿದೆ.

ಕಡೆಗೆ ಒಂದು ಬೆಳಿಗ್ಗೆ ನಾನು ಹಲ್ಲುಜ್ಜುವಾಗಲೇ ಆಕೆಯ ಫೋಟೋ ಬಂತು. ಅಲ್ಲಿ ನಮಗಿಂತ ಬೇಗ ಬೆಳಗಾಗುತ್ತದೆ. ಕಾರಖಾನೆಯ ಬಾಗಿಲು ತೆರೆದಿತ್ತು, ಎದುರಿಗೆ ಮೇಜಿನ ಮೇಲೆ ಹಣ್ಣು, ಹೂವು, ಉರಿಯುವ ಊದಿನಕಡ್ಡಿಗಳು. ಕೆಳಗೆ ಬರೆದಿದ್ದಳು: ಇವತ್ತು ಒಳ್ಳೆಯ ದಿನ ನೋಡಿ ಬಾಗಿಲು ತೆಗೆದೆವು, ತಂಗಿಗೂ ಮನೆಯವರಿಗೂ ಒಳ್ಳೆಯದಾಗಲಿ.

ನಾನು ಬರೆದಿಟ್ಟದ್ದನ್ನು ಕಳಿಸಿದೆ. ಬೇರೊಂದು ಕಾರಖಾನೆ ಕಡಿಮೆ ದರಕ್ಕೆ ಕೊಡುತ್ತದೆ, ಅಷ್ಟಕ್ಕೆ ಇಳಿಸಿದರೆ ಆರ್ಡರು, ಇಲ್ಲವಾದರೆ ನಾವು ಅಲ್ಲಿಗೆ ಹೋಗುತ್ತೇವೆ. ಶುಭಾಶಯದ ಒಂದು ಸಾಲು ಸೇರಿಸಬೇಕೆನಿಸಿತು, ಸೇರಿಸಲಿಲ್ಲ. ಸೇರಿಸಿದರೆ ಮಾತು ಮೆತ್ತಗಾಗುತ್ತದೆ ಎನಿಸಿತು.

ಎರಡು ಗೆರೆಗಳು ನೀಲಿಯಾದವು. ಆಕೆ ಓದಿದ್ದಳು. ಉತ್ತರ ಬರಲಿಲ್ಲ.

ಮಧ್ಯಾಹ್ನ ಬರಲಿಲ್ಲ, ಸಂಜೆ ಬರಲಿಲ್ಲ. ಮರುದಿನವೂ ಇಲ್ಲ. ನನಗೆ ಮಾತು ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಕೇಳಿದ್ದಕ್ಕೆ ಉತ್ತರಿಸದೆ ಎದ್ದು ಹೋಗುವುದು ನನ್ನ ಅಭ್ಯಾಸ, ಅದರಿಂದ ಎದುರಿಗಿದ್ದವರಿಗೆ ಏನಾಗುತ್ತದೆ ಎಂದು ನಾನು ಯೋಚಿಸಿದವಳಲ್ಲ. ಈಗ ಇನ್ನೊಬ್ಬರ ಮೌನ ನನ್ನ ಕಿಸೆಯಲ್ಲಿ ಕೂತು ಕಾಲು ನಿಲ್ಲಗೊಡುತ್ತಿರಲಿಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ಶೆಡ್ಡಿಗೆ ಹೋದರೆ ಉಳಿದ, ತೇವ ಹಿಡಿದು ಮಷಿನ್ನಿಗೆ ಬಾರದ ಕಟ್ಟುಗಳು ಬೆರಳಲ್ಲಿ ಎಣಿಸುವಷ್ಟಿದ್ದವು. ಮುಳಗುಂದದ ಸಾವಕಾರ ಒಂದು ದಿನ ಬಂದು ಶೆಡ್ಡಿನ ಉದ್ದಗಲವನ್ನು ಹೆಜ್ಜೆ ಹಾಕಿ ಅಳೆದು ಹೋದ. ನನ್ನನ್ನು ನೋಡಿ, "ಹೆಂಗದೀಯವಾ?" ಎಂದ. ಚೆನ್ನಾಗಿದ್ದೇನೆ ಎಂದೆ.

ಅದರ ಮರುದಿನ ಬೆಳಿಗ್ಗೆ, ಕೂರಲಾಗದೆ, ಅಪ್ಪ ಅಂಗಡಿ ತೆರೆಯುವ ಹೊತ್ತಿಗೆ ನಾನೂ ಹೋಗಿ ಒಳಗೆ ನಿಂತೆ. ಅಪ್ಪ ಕಸ ಹೊಡೆದು, ನೀರು ಚಿಮುಕಿಸಿ, ತಕ್ಕಡಿಗೆ ಊದಿನಕಡ್ಡಿ ಬೆಳಗಿ ಕುಳಿತ. ಮೊದಲ ಗಿರಾಕಿ ಒಬ್ಬ ಹಿರಿಯ, ಹೆಗಲ ಮೇಲೆ ಟವೆಲ್ಲು. ಕರ್ಪೂರ, ಎರಡು ತೆಂಗಿನಕಾಯಿ ಕೇಳಿದ.

"ಕಾಯಿ ತುಟ್ಟಿ ಆತು," ಎಂದ. "ಆಚೆ ಅಂಗಡ್ಯಾಗ ಕಡಿಮಿ ಐತಿ."

"ಕಾಯಿ ನೋಡ್ರಿ ಯಜಮಾನ್ರ, ನೀರ ತುಂಬಿದ ಕಾಯಿ," ಅಪ್ಪ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ.

"ನೀರ ಕುಡ್ಯಾಕ ಬಂದಿಲ್ಲ ನಾ. ಅಲ್ಲೇ ತಗೋತೀನಿ ಬಿಡು."

ಆತ ಕಟ್ಟೆ ಇಳಿದು ನಾಲ್ಕು ಹೆಜ್ಜೆ ಹೋಗಿರಬಹುದು. ಅಪ್ಪ ಗದ್ದಿಗೆಯಿಂದ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗೆ ಇಳಿದು ಅವನ ರಟ್ಟೆ ಹಿಡಿದ.

"ಏ, ಬರ್ರಿ ಇಲ್ಲೆ! ಇನ್ನಾ ಬೋಣಿ ಆಗಿಲ್ಲ ನಂದು. ನೀವು ಕೇಳಿದ್ದಕ್ಕ ಒಯ್ಯಿರಿ. ಬರೇ ಕೈಲೆ ಮಾತ್ರ ಹೋಗಬ್ಯಾಡ್ರಿ."

ಕೇಳಿದ ದರಕ್ಕೇ ಕೊಟ್ಟ. ಹಣವನ್ನು ಕಣ್ಣಿಗೊತ್ತಿಕೊಂಡು ಗಲ್ಲೆಗೆ ಹಾಕಿದ. ಆತ ಮರೆಯಾದ ಮೇಲೆ ಗೊಣಗಿದ: "ಮುಂಜ್ ಮುಂಜಾನೆ ಬಂದು ಚೌಕಾಸಿ ಮಾಡ್ತಾನ ಮಗಾ. ಬೋಣಿ ಗಿರಾಕಿ ತಿರುಗಿ ಹೋದ ಅಂದ್ರ ಸಂಜೀ ತನಕಾ ನೊಣಾ ಹೊಡಕೋತ ಕುಂಡ್ರಬೇಕು."

ಬೋಣಿ ನನಗೆ ಹೊಸದೇನಲ್ಲ. ಮೊದಲ ವ್ಯಾಪಾರ ಆಗುವವರೆಗೆ ಉದ್ರಿ ಕೇಳಬಾರದು, ಬೆಲೆ ಜಗ್ಗಬಾರದು ಎಂಬುದನ್ನು ಈ ಅಂಗಡಿಯ ಕಟ್ಟೆಯ ಮೇಲೆ ಆಡುತ್ತಲೇ ಕಲಿತವಳು. ಆದರೆ ಅದು ನಮ್ಮ ಬಜಾರಿನದು ಎಂದುಕೊಂಡಿದ್ದೆ. ಆ ಫೋಟೋ ನೆನಪಾಯಿತು. ತೆರೆದ ಬಾಗಿಲು, ಹಣ್ಣು, ಉರಿಯುವ ಕಡ್ಡಿಗಳು. ವರ್ಷದ ಮೊದಲ ದಿನ, ಮೊದಲ ಮಾತು ನನ್ನದು.

"ಅಪ್ಪಾ, ಅವರೊಳಗೂ ಬೋಣಿ ಇರ್ತೈತೇನ?"

"ಯಾರೊಳಗ?"

ಎಲ್ಲವನ್ನೂ ಹೇಳಿದೆ. ನಾನು ಅಪ್ಪನಿಗೆ ಅಷ್ಟು ಉದ್ದವಾಗಿ ಏನನ್ನೂ ಹೇಳಿದ್ದು ಅದೇ ಮೊದಲು. ಅಪ್ಪ ಕೇಳುತ್ತ ಕೇಳುತ್ತ ತಕ್ಕಡಿಯ ಪರಡಿ ಒರೆಸುವುದನ್ನು ನಿಲ್ಲಿಸಿದ.

"ಅಂಗಡಿ ಇದ್ದಲ್ಲೆ ಬೋಣಿ ಇರ್ತೈತೆವಾ. ಅವರೇನ ಗಾಳಿ ತಿಂದ ಬದಕ್ತಾರನ? ನಾನು ಆ ಹೆಣ್ಮಗಳ ಜಾಗಾದಾಗ ಇದ್ರ ನಿನ್ನ ನಂಬರ ಬ್ಲಾಕ್ ಮಾಡ್ತಿದ್ದೆ."

"ಈಗೇನ ಮಾಡ್ಬೇಕು?"

"ನನ್ನ ಕೇಳ್ತೀಯಲ್ಲ, ಎಂ.ಕಾಂ. ಓದಿದಾಕಿ ನೀನು." ಪರಡಿ ಒರೆಸುವುದನ್ನು ಮುಗಿಸಿದ. ಆಮೇಲೆ ಹೇಳಿದ: "ಕೆಟ್ಟ ಬೋಣಿಗೆ ಔಷಧ ಇಲ್ಲ. ನಾಳಿ ಮತ್ತ ಬಾಗಿಲಾ ತೆಗೀತಾರಲ್ಲ, ನಾಳಿ ಮತ್ತ ಬೋಣಿ. ಆದ್ರ ನೀ ಹೋಗಬ್ಯಾಡ. ಆ ಶಿರಹಟ್ಟಿ ಆಪಾನ ಕೈಗುಣ ಛಲೋ ಐತಿ ನೋಡು. ಮೊದಲನೇ ಬಸ್ಸಿಗೆ ಬಂದು ಆಕಿ ಒಂದ ಬೆಂಕಿಪೊಟ್ಣ ಒಯ್ದಳಂದ್ರ ಆ ದಿನಾ ನನಗ ಉಣ್ಣಾಕ ಪುರಸೊತ್ತ ಇರೂದಿಲ್ಲ."

ಚೇಷ್ಟೆಗೆ ಹೇಳಿದನೋ, ಮನಸ್ಸಿನಿಂದ ಹೇಳಿದನೋ. ಅಪ್ಪನ ಮಾತಿನಲ್ಲಿ ಎರಡೂ ಒಂದೇ ಡಬ್ಬಿಯಲ್ಲಿರುತ್ತವೆ. ಕೈಗುಣವನ್ನು ನಾನು ನಂಬುವವಳಲ್ಲ. ಆದರೂ ಮರುದಿನ ನಸುಕಿನಲ್ಲೇ ಸ್ಕೂಟರ್ ಹೊರಗೆ ತೆಗೆದೆ. ಶಿರಹಟ್ಟಿಯ ರಸ್ತೆಯಲ್ಲಿ ಚಳಿಗೆ ಕಿವಿ ಮರಗಟ್ಟಿತ್ತು. ಏನೆಂದು ಕೇಳಬೇಕು, ಯಾವ ಮಾತಿನಿಂದ ಶುರುಮಾಡಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಬಾಗಿಲು ಬಡಿದಾಗ ಎಲ್ಲ ಮರೆತುಹೋಯಿತು.

"ಯಾರ ಸತ್ರು?" ಆಪಾ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ ಬಂದಳು.

"ಯಾರೂ ಇಲ್ರಿ. ನಿಮ್ಮ ಕೈಲೆ ಬೋಣಿ ಮಾಡಸ್ಬೇಕಿತ್ತು."

ನಿಂತಲ್ಲೇ ನಡೆದದ್ದನ್ನೆಲ್ಲ ಹೇಳಿದೆ. ಅರ್ಥವಾದ ಮೇಲೆ ಆಪಾ ಹೊಸ್ತಿಲ ಮೇಲೆಯೇ ಕುಳಿತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಯಾ ಅಲ್ಲಾ! ಲಕ್ಷ್ಮೇಶ್ವರದಾಗ ಮಾಡಿದ್ದು ಸಾಲಲಿಲ್ಲಂತ ಈಗ ವಿಯೆಟ್ನಾಮಿಗಿ ನನ್ನ ಕಳಸ್ತೀಯಾ?" ಎಂದಳು. ಆದರೂ ಎದ್ದು ಮುಖ ತೊಳೆದುಕೊಂಡು, ಬೇರೆ ಸೀರೆ ಉಟ್ಟು ಬಂದಳು. ಮಷಿನ್ನಿನ ಚಾದರ ತೆಗೆದಳು. ಉಳಿದಿದ್ದ ಒಂದು ಹಿಡಿ ಕಡ್ಡಿಯನ್ನು ಕೈಯಲ್ಲಿ ಹಿಡಿದು ನಿಂತಳು. ನಾನು ವಿಡಿಯೋ ಹಿಡಿದೆ. ಸುಮ್ಮನೆ ನಿಂತರೆ ಸಾಕು ಎಂದು ಹೇಳಿದ್ದೆ.

"ನಮಸ್ಕಾರ್ರಿ ಅಕ್ಕಾರ," ಆಪಾ ಫೋನಿಗೆ ಹೇಳಿದಳು. "ಈ ಹುಡುಗಿ ಬಾಯಿ ಸಣ್ಣದು, ಬರದ್ರ ಮಾತ್ರ ದೊಡ್ಡದು. ಮನಸಿಗಿ ಹಚ್ಕೋಬ್ಯಾಡ್ರಿ. ಮಷಿನ್ ತುಕ್ಕ ಹಿಡಿಯಾಕ ಹತ್ತೈತಿ. ನಿಮ್ಮ ರೇಟಿಗೆ ನಾವು ಒಪ್ಪೀವಿ, ಕಡ್ಡಿ ಕಳಸ್ರಿ."

ರೇಟಿನ ಮಾತು ಆಡಲು ಆಕೆಗೆ ಯಾರೂ ಹೇಳಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಫೋನು ಕಿತ್ತುಕೊಂಡು, "ಯಾವುದನ್ನ ಒತ್ತಬೇಕು? ಇದಾ?" ಎಂದು ಕಳಿಸಿಯೂ ಬಿಟ್ಟಳು. ಆ ಮಾತು ಅಕ್ಕನಿಗೆ ತಿಳಿಯಲೆಂದು ಕೆಳಗೆ ನಾನು ಇಂಗ್ಲಿಷಿನಲ್ಲಿ ಬರೆದೆ: ನೀವು ಹೇಳಿದ ದರ, ಪೂರ್ತಿ ಆರ್ಡರು, ಮುಂಗಡ ಇವತ್ತೇ. ಒಂದಕ್ಷರವನ್ನೂ ತಿದ್ದಲಿಲ್ಲ.

ಚಹಾ ಕುದಿಯುವಷ್ಟರಲ್ಲಿ ಫೋನು ನಡುಗಿತು. ಒಂದೇ ಸಾಲು: ಇವರು ಯಾರು, ಯಾವ ವರ್ಷ ಹುಟ್ಟಿದವರು?

"ಆಧಾರ್‌ನ್ಯಾಗ ನೋಡು," ಆಪಾ ಗೂಡಿನಲ್ಲಿದ್ದ ಕಾರ್ಡು ತೆಗೆದು ಕೊಟ್ಟಳು. "ಜನವರಿ ಒಂದು. ನಮ್ಮ ಓಣಿಯಾಗ ಎಲ್ಲಾರೂ ಅವತ್ತ ಹುಟ್ಟ್ಯಾರ."

ವರ್ಷ ಕಳಿಸಿದೆ. ತಿಂಗಳು ಸರಿಯಾಗಿ ಬೇಕು ಎಂದು ಉತ್ತರ ಬಂತು. ಜನವರಿಯಾದರೆ ಅವರ ಲೆಕ್ಕದಲ್ಲಿ ಹಿಂದಿನ ವರ್ಷಕ್ಕೆ ಸೇರುತ್ತದೆ. ಆಪಾ ಯೋಚಿಸಿದಳು. "ನಮ್ಮವ್ವ ಹೇಳ್ತಿದ್ಲು, ಕಡ್ಲಿ ಕೀಳೂ ಮುಂದ ಹುಟ್ಟೀನಿ ಅಂತ. ಹೊಲದಾಗಿಂದ ಹೊಟ್ಟಿ ಹಿಡಕೊಂಡ ಮನಿಗಿ ಬಂದಿದ್ಲಂತ." ಕಡ್ಲಿ ಕೀಳುವುದು ಶಿವರಾತ್ರಿಯ ಆಸುಪಾಸು. ಅದನ್ನು ನಾನು ತಿಂಗಳಾಗಿ ಬರೆದು ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಬಂತು: ಎಮ್ಮೆಯ ವರ್ಷ. ಎಮ್ಮೆಗೂ ಹುಂಜಕ್ಕೂ ಬಹಳ ಹೊಂದಿಕೆ.

"ಏನಂತಾಳ?"

"ನೀವು ಎಮ್ಮಿ ಅಂತ್ರಿ."

"ಎಮ್ಮಿ ಅಂದ್ಲೇನ ನನಗ!" ಆಪಾ ತನ್ನ ಮೈಯನ್ನೊಮ್ಮೆ ನೋಡಿಕೊಂಡಳು. "ಅಷ್ಟ ದೂರದಿಂದ ಹೆಂಗ ಗೊತ್ತಾತು?"

ಆಮೇಲೆ ಅಕ್ಕ ಉದ್ದಕ್ಕೆ ಬರೆದಳು. ಆ ದಿನ ನನ್ನ ಸಂದೇಶ ಓದಿದ ಕೂಡಲೇ ಬಾಗಿಲಲ್ಲಿ ಕಾಗದ ಸುಟ್ಟು ದೃಷ್ಟಿ ತೆಗೆದಳಂತೆ. ಹುಂಜಕ್ಕೂ ಬೆಕ್ಕಿಗೂ ಮೊದಲೇ ಆಗುವುದಿಲ್ಲ. ಹುಂಜದ ಬಾಗಿಲಿಗೆ ವರ್ಷದ ಮೊದಲ ದಿನ ಬೆಕ್ಕು ಬಂದು, ಕೊಳ್ಳುವುದಿಲ್ಲ ಎಂದು ಹೋದರೆ ಇನ್ನೇನು ಮಾಡಬೇಕು? ಅಲ್ಲಿಯವರೆಗೂ ನನಗೆ ನಗು ಬಂತು. ಅಕ್ಕನ ಮುಂದಿನ ಸಾಲನ್ನು ನಾನು ಆಪಾನಿಗೆ ಓದಿ ಹೇಳಲಿಲ್ಲ: ವರ್ಷದ ಮೊದಲ ದಿನಗಳಲ್ಲಿ ಯಾರಿಗೂ ಇಲ್ಲ ಅನ್ನಬಾರದು, ಕಟುವಾಗಿ ಆಡಬಾರದು ಎಂದು ನಮ್ಮಲ್ಲಿ ಹೇಳುತ್ತಾರೆ. ನಿನಗೆ ಹೂಂ ಅನ್ನಲು ನನಗೆ ಆಗುತ್ತಿರಲಿಲ್ಲ, ಇಲ್ಲ ಅನ್ನಬಾರದಾಗಿತ್ತು, ಅದಕ್ಕೆ ಸುಮ್ಮನಿದ್ದೆ.

ಚಹಾದ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೆ.

ಮಾಲು ಹೊರಟಿತು. ಆದರೆ ನನ್ನ ಚಡಪಡಿಕೆ ನಿಲ್ಲಲಿಲ್ಲ, ಜಾಗ ಬದಲಿಸಿತು ಅಷ್ಟೆ. ಹಡಗು ಎಲ್ಲಿದೆ ಎಂದು ಫೋನಿನಲ್ಲಿ ಒಂದು ಚುಕ್ಕೆ ತೋರಿಸುತ್ತದೆ. ರೊಟ್ಟಿ ಬಡಿಯುವಾಗ, ಬಸ್ಸಿಗೆ ಕಾಯುವಾಗ, ಮಾತಿನ ನಡುವೆ, ಆ ಚುಕ್ಕೆಯನ್ನೇ ನೋಡುತ್ತಿದ್ದೆ. ಅದು ಯಾವುದೋ ಬಂದರಿನಲ್ಲಿ ನಿಂತೇ ಬಿಟ್ಟಿತು. ಮತ್ತೆ ಹೊರಟಿತು. ಚೆನ್ನೈ ತಲುಪಿ ಅಲ್ಲಿ ಕಾಗದಪತ್ರಕ್ಕೆ ನಿಂತಿತು. ಆಪಾನ ಜೊತೆಗಿದ್ದ ಇಬ್ಬರೂ ಅಷ್ಟರಲ್ಲಿ ಮೆಣಸಿನಕಾಯಿ ಕೆಲಸಕ್ಕೆ ಹೋಗಿದ್ದರು. ಆಪಾ ಹೋಗಿರಲಿಲ್ಲ. "ಬೋಣಿ ಮಾಡೀನಿ, ಈಗ ಬಿಟ್ಟ ಹೆಂಗ ಹೋಗ್ಲಿ?" ಎನ್ನುತ್ತಿದ್ದಳು. ನಮ್ಮೂರಿನ ಸಂದಿಗೊಂದಿಯಲ್ಲಿ ಬೇವು ಹೂಬಿಡತೊಡಗಿತು. ಮುಳಗುಂದದಿಂದ ಫೋನು ಬಂತು: ಹಬ್ಬದ ಮರುದಿನ ಚೀಲ ಕಳಿಸಲೇ? ಅಪ್ಪ ನನಗೆ ಕೇಳುವಂತೆ ಗಟ್ಟಿಯಾಗಿ ಉತ್ತರಿಸಿದ, "ಯುಗಾದಿಗಿ ಹೇಳ್ತೀನ್ರಿ."

ಯುಗಾದಿಯ ಹಿಂದಿನ ದಿನ, ಬಿಸಿಲು ಇಳಿಯುವ ಹೊತ್ತಿಗೆ, ಅಂಗಡಿಯ ಮುಂದೆ ಲಾರಿ ಬಂದು ನಿಂತಿತು. ತಾಡಪತ್ರಿಯ ಸಂದಿನಿಂದ ಆ ಒಣ ಬಿದಿರಿನ ವಾಸನೆ. ನಾನು ಓಡಿದೆ. ಹಬ್ಬದ ಸಂತೆಗೆಂದು ಬಂದಿದ್ದ ಆಪಾ ಕೈಯಲ್ಲಿ ಬೆಲ್ಲದ ಪೊಟ್ಟಣ ಹಿಡಿದೇ ಹಿಂದೆ ಬಂದಳು. ಅಪ್ಪ ಗದ್ದಿಗೆಯಿಂದ ಏಳಲಿಲ್ಲ.

ಯುಗಾದಿಯ ಹಿಂದಿನ ದಿನ ಯಾವಾಗಲೂ ಅಮಾವಾಸ್ಯೆ.

"ಇವತ್ತ ಇಳಿಸೂದ ಬ್ಯಾಡ," ಅಪ್ಪ ಡ್ರೈವರಿಗೆ ಹೇಳಿದ. "ಲಾರಿ ಇಲ್ಲೇ ಹಚ್ಚು. ನಾಳಿ ಪೂಜಿ ಮಾಡಿ ಇಳಿಸೂಣು."

"ನಾಳಿ ಯುಗಾದಿ ರೀ ಸಾವಕಾರ್ರ! ನನ್ನ ಹೇಣ್ತಿ ಎಣ್ಣಿ ಹಚ್ಚಾಕ ಕಾಯಾಕ ಹತ್ಯಾಳ. ಅಮಾಸಿ ಅಂತ ಲಾರಿ ನಿಂದರ್ಸಿದ್ರ ನಾ ವರ್ಷಾ ಪೂರ್ತಿ ದಾರ್ಯಾಗ ಇರಬೇಕಾಕ್ಕೈತಿ. ಇಳಿಸ್ಕೋತೀರೋ, ಗದಗಿನ ಗೋದಾಮಿನ್ಯಾಗ ಒಗದು ಹೋಗ್ಲೋ?"

ಗದಗಿನ ಗೋದಾಮಿಗೆ ಹೋದರೆ ಹಬ್ಬ, ರಜೆ ಎಲ್ಲ ಮುಗಿದು ಮಾಲು ಬಿಡಿಸಿಕೊಳ್ಳುವ ಹೊತ್ತಿಗೆ ನನ್ನ ಶೆಡ್ಡಿನಲ್ಲಿ ಕಡ್ಲಿ ಇರುತ್ತದೆ. ನಾಳೆ ಬೆಳಿಗ್ಗೆ ಶೆಡ್ಡು ಖಾಲಿ ಇದ್ದರೆ ಎಂದು ಹೇಳಿದವನೂ ಅಪ್ಪ, ಇವತ್ತು ತುಂಬಬಾರದು ಎನ್ನುವವನೂ ಅಪ್ಪ. ಎಳ್ಳಮಾವಾಸ್ಯೆಯ ದಿನ ಜೋಳದ ಹೊಲದಲ್ಲಿ ನಾನು ಸುಮ್ಮನಿದ್ದೆ. ವಾದ ಮಾಡುವುದು ನನಗೆ ಈಗಲೂ ಬರುವುದಿಲ್ಲ. ಕೈ ಚಾಚಿದೆ.

"ಅಪ್ಪಾ, ಕೀಲಿ."

ಅಪ್ಪ ನನ್ನ ಕೈಯನ್ನು ನೋಡಿದ, ಲಾರಿಯನ್ನು ನೋಡಿದ. "ನಾ ಬಾಗಿಲಾ ತೆಗಿಯೂದಿಲ್ಲ ಇವತ್ತ."

"ನೀ ತೆಗೀಬ್ಯಾಡ. ಕೀಲಿ ಕೊಡು."

"ಅಮಾಸಿ ದಿನಾ ಕೈಬಿಟ್ಟದ್ದನ್ನ ಹೊಳ್ಳಿ ಇಸ್ಕೊಳ್ಳೂದಿಲ್ಲ ನಾನು. ಆಮ್ಯಾಲೆ ಶೆಡ್ಡಿನ್ಯಾಗ ಏನರ ಆದ್ರ, ಮಾಲು ಕೆಟ್ರ, ಮುಗ್ಗಿದ್ರ, ನಿನ್ನ ಪಾಡಿಗೆ ನೀನು. ನನ್ನ ಕಡೆ ಬರಬಾರದು."

"ಆತು."

ಉಡಿದಾರಕ್ಕೆ ಕಟ್ಟಿದ್ದ ಗೊಂಚಲಿನಿಂದ ಒಂದು ಕೀಲಿಯನ್ನು ಬಿಡಿಸಲು ಅಪ್ಪ ಬಹಳ ಹೊತ್ತು ತೆಗೆದುಕೊಂಡ. ತುಕ್ಕು ಹಿಡಿದ ಉಂಗುರ, ಉಗುರಿಗೆ ಜಗ್ಗಲಿಲ್ಲ. ಡ್ರೈವರು ಹಾರ್ನು ಬಾರಿಸಿದ. "ತಡೀಲೇ!" ಎಂದು ಅಪ್ಪ ಅವನ ಮೇಲೆ ರೇಗಿದ. ಕಡೆಗೆ ಕೀಲಿ ನನ್ನ ಅಂಗೈಗೆ ಬಿತ್ತು, ಅವನ ಮೈಯ ಬಿಸಿ ಇನ್ನೂ ಇತ್ತು.

ಮೊದಲ ಕಟ್ಟನ್ನು ಆಪಾ ಇಳಿಸಿಕೊಂಡಳು. "ಎಮ್ಮಿ ಹೊತಗೊಂಡ ಹೊಂಟೈತಿ, ಸರೀರಿ," ಎಂದು ಹಮಾಲರನ್ನು ಸರಿಸುತ್ತ ಒಳಗೆ ಹೋಗಿ, ನೆಲಕ್ಕಿಡುವ ಮುನ್ನ ಒಮ್ಮೆ ಕಣ್ಣು ಮುಚ್ಚಿದಳು. ಅಪ್ಪ ಶೆಡ್ಡಿನ ಕಡೆ ಬರಲಿಲ್ಲ. ಆದರೆ ಕಟ್ಟುಗಳು ಗೋಡೆಗೆ ತಾಗದಂತೆ ಒಟ್ಟಬೇಕು, ಕೆಳಗೆ ಹಲಗೆ ಹಾಕಬೇಕು ಎಂದು ಅಂಗಡಿಯಿಂದಲೇ ಒಂದೇ ಸಮನೆ ಕೂಗುತ್ತಿದ್ದ, ಹಮಾಲರಿಗೆ ಕೇಳುವಂತೆ, ನನಗೆ ಹೇಳುತ್ತಿಲ್ಲ ಎಂಬಂತೆ.

ಕಟ್ಟುಗಳು ಮೊಣಕಾಲು ದಾಟಿದವು, ಸೊಂಟ ದಾಟಿದವು. ಒಂದು ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಮಾಲು ಬಂತು ಎಂದು ಬರೆದು, ನಿಂತು, ನಾಳೆ ನಮ್ಮ ಹೊಸ ವರ್ಷ, ನಿಮಗೂ ಮನೆಯವರಿಗೂ ಒಳ್ಳೆಯದಾಗಲಿ ಎಂದು ಸೇರಿಸಿದೆ. ಒಂದೇ ಗೆರೆ ಬಿತ್ತು, ಆಕೆಗೆ ಇನ್ನೂ ಮುಟ್ಟಿರಲಿಲ್ಲ. ಫೋನು ಕಿಸೆಗೆ ಹಾಕಿದೆ. ತೆಗೆದೆ. ಇನ್ನೂ ಒಂದೇ ಗೆರೆ.

"ಮತ್ತ ಶುರು ಆತ ನೋಡು ಇಕಿದು," ಆಪಾ ಸೆರಗಿನಿಂದ ಬೆವರು ಒರೆಸಿಕೊಂಡಳು. "ಅಮಾಸಿ ಮುಗಿಲಿ ತಡಿ, ನೋಡ್ತಾಳ. ಬಾ, ಆ ಕಡೆ ಹಿಡಿ."

ಕೀಲಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಇನ್ನೂ ಕೈಯಲ್ಲೇ ಹಿಡಿದಿದ್ದೆ. ಅದನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಕಟ್ಟಿನ ಆ ತುದಿಯನ್ನು ಎತ್ತಿದೆ.